ಬಜರ್ ಮೇಲಿನ ಟೇಪು

ನಮ್ಮನೆ ಬಾಗಿಲಿನ ಒಳಚಿಲಕ ಹಳೇ ಕಬ್ಬಿಣದ್ದು. ಎಷ್ಟೇ ಮೆಲ್ಲಗೆ ಎಳೆದ್ರೂ ಕೊನೇಲಿ ಒಂದ್ಸಲ ಟಣ್ ಅನ್ನದೆ ಬಿಡಲ್ಲ. ಆ ಸದ್ದಿಗೆ ನಾನು ಎರಡು ವರ್ಷ ಬೈದಿದ್ದೀನಿ. ಚಿಲಕಕ್ಕಲ್ಲ, ಶನಿವಾರ ರಾತ್ರಿ ಗಂಟೆಗೊಂದು ಸಲ ಅದನ್ನ ಎಳೀತಿದ್ದ ನಮ್ಮನೆಯವರಿಗೆ.

ಅವರು ವೈಟ್‌ಫೀಲ್ಡ್ ಕಡೆ ಕಂಪನಿ ಕ್ಯಾಬ್ ಓಡಿಸ್ತಿದ್ರು. ನಾನು ಪೀಣ್ಯದಲ್ಲಿ ಯುಪಿಎಸ್ ಜೋಡಿಸೋ ಒಂದು ಸಣ್ಣ ಫ್ಯಾಕ್ಟರೀಲಿ ಟೆಸ್ಟಿಂಗ್ ಟೇಬಲ್ ಹತ್ರ ಕೆಲಸ ಮಾಡ್ತೀನಿ. ಮಕ್ಕಳಿಲ್ಲ. ಮಾದನಾಯಕನಹಳ್ಳೀಲಿ ಮೂರನೇ ಮಹಡಿ ಬಾಡಿಗೆ ಮನೆ, ಮೇಲೆ ತಾರಸಿ. ಬೆಳಗ್ಗೆ ಆರೂವರೆ ಬಸ್ಸಿಗೆ ನಾನು ಓಡ್ಬೇಕು, ಅವರು ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಬರ್ತಾರೋ ದೇವರಿಗೇ ಗೊತ್ತು. ಇಬ್ಬರೂ ಒಟ್ಟಿಗೆ ಮನೇಲಿರ್ತಿದ್ದದ್ದು ಅಂದ್ರೆ ಶನಿವಾರ ರಾತ್ರಿ, ಭಾನುವಾರ, ಅಷ್ಟೇ.

ಅಂಥ ಶನಿವಾರಕ್ಕೆ ಆ ಡ್ರಮ್ಮು ಬಂದು ವಕ್ಕರಿಸ್ಕೊಂಡ್ತು. ಅವರು ದಿನಾ ಕರ್ಕೊಂಡು ಹೋಗ್ತಿದ್ದ ಕಂಪನಿ ಸಾಹೇಬ್ರೊಬ್ಬರು ಅಪಾರ್ಟ್‌ಮೆಂಟ್ ಖಾಲಿ ಮಾಡುವಾಗ, ಇಟ್ಕೊಳಪ್ಪ, ನಿಂಗೆ ಅಡುಗೆ ಹುಚ್ಚಿದೆಯಲ್ಲ ಅಂತ ಕೊಟ್ಟುಬಿಟ್ಟಿದ್ರಂತೆ. ಮಾಂಸ ಹೊಗೇಲಿ ಬೇಯಿಸೋ ಡ್ರಮ್ಮು ಅದು. ಕೆಳಗೆ ಇದ್ದಿಲು, ಮೇಲೆ ಜಾಲರಿ. ಪಕ್ಕದಲ್ಲೊಂದು ಅಂಗೈಯಗಲದ ಎಲೆಕ್ಟ್ರಾನಿಕ್ ಡಬ್ಬಿ, ಅದಕ್ಕೊಂದು ಪುಟ್ಟ ಫ್ಯಾನು. ಎರಡು ವೈರು ಒಳಕ್ಕೆ ಹೋಗುತ್ತೆ, ಒಂದರ ತುದೀಲಿರೋ ಸೂಜಿ ಮಾಂಸದೊಳಗೆ, ಇನ್ನೊಂದು ಡ್ರಮ್ಮಿನೊಳಗೆ, ಎರಡರ ಬಿಸಿಯೂ ಡಬ್ಬಿ ಮೇಲೆ ಅಂಕೀಲಿ ಕಾಣುತ್ತೆ. ಬಿಸಿ ಕಮ್ಮಿ ಆದ್ರೆ ಫ್ಯಾನು ತಾನೇ ಗಾಳಿ ಊದುತ್ತೆ, ಜಾಸ್ತಿ ಆದ್ರೆ ನಿಲ್ಲುತ್ತೆ. ನೂರಾಹತ್ತು ಡಿಗ್ರೀಲಿ ರಾತ್ರಿಯಿಡೀ ಇಟ್ರೆ ಕುರಿ ತೊಡೆ ಬೆಳಗ್ಗೆ ಬೆರಳಲ್ಲಿ ಮುಟ್ಟಿದ್ರೆ ಮೂಳೆ ಬಿಟ್ಟು ಬರುತ್ತೆ. ಸುಳ್ಳು ಯಾಕೆ ಹೇಳ್ಲಿ, ರುಚಿ ಸಕ್ಕತ್ತಾಗಿರ್ತಿತ್ತು. ಭಾನುವಾರ ಮಧ್ಯಾಹ್ನ ಕೆಳಗಿನ ರೂಮುಗಳಲ್ಲಿರೋ ರಾಯಚೂರು ಕಡೆ ಗಾರೆ ಕೆಲಸದವರಿಗೆ, ನಮ್ಮ ಓನರ್ ಅಜ್ಜಿಗೆ, ಎಲ್ಲರಿಗೂ ಹಂಚಿ ಆಮೇಲೇ ಅವರು ತಟ್ಟೆ ಮುಂದೆ ಕೂರ್ತಿದ್ದದ್ದು.

ಓನರ್ ಅಜ್ಜಿ ಅಂದ್ರೆ ಈ ಬಿಲ್ಡಿಂಗ್ ಇರೋ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೀತಿದ್ದವರು. ಮೊದಲ ಸಲ ತಾರಸಿಗೆ ಬಂದು, ಆ ಸೂಜಿ, ಆ ಅಂಕಿ ಎಲ್ಲ ನೋಡಿ ಕೆಳಗಿಳಿದವರು ಇಡೀ ಬೀದಿಗೆ ಸಾರಿಬಿಟ್ರು, ಮೂರನೇ ಮಹಡಿಯವನು ಸತ್ತ ಕುರಿಗೆ ಜ್ವರ ನೋಡ್ತಾ ಕೂತವ್ನೆ ಅಂತ. ನಮ್ಮನೆಯವರು ಅದಕ್ಕೂ ನಗ್ತಾ ಇದ್ರು. ಅವರಿಗೆ ಸಿಟ್ಟು ಅನ್ನೋದನ್ನ ದೇವರು ಕೊಟ್ಟೇ ಇರ್ಲಿಲ್ಲ, ಅವರ ಪಾಲಿಂದೂ ಸೇರಿಸಿ ನನಗೇ ಕೊಟ್ಟಿದ್ದ.

ತೊಂದರೆ ಇದ್ದದ್ದು ಕರೆಂಟಿಂದು. ನಮ್ಮ ಏರಿಯಾದಲ್ಲಿ ರಾತ್ರಿ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋಕಾಗಲ್ಲ. ಕರೆಂಟ್ ಹೋದ್ರೆ ಫ್ಯಾನು ನಿಂತೋಯ್ತು, ಫ್ಯಾನು ನಿಂತ್ರೆ ಕೆಂಡ ಬೂದಿ. ಶುರುವಲ್ಲೇ ಒಂದ್ಸಲ ಹಾಗಾಗಿ ಅರೆಬೆಂದ ಮಾಂಸ ಹಳಸಿ, ಕರೆದವರಿಗೆಲ್ಲ ಬರೀ ಚಿತ್ರಾನ್ನ ಹಾಕಿದ್ವಿ. ಎರಡು ದಿನ ಅವರ ಗಂಟಲಲ್ಲಿ ಅನ್ನ ಇಳೀಲಿಲ್ಲ. ಮನೆ ಇನ್ವರ್ಟರ್‌ಗೂ ಹಾಕಿ ನೋಡಿದ್ರು. ಅದು ಕರೆಂಟಿಂದ ಬ್ಯಾಟರಿಗೆ ಬದಲಾಗೋ ಒಂದು ಕ್ಷಣದಲ್ಲೇ ಆ ಡಬ್ಬಿ ಆಫ್ ಆಗಿ ಮತ್ತೆ ಆನ್ ಆಗ್ತಿತ್ತು, ಆಮೇಲೆ ಯಾರಾದ್ರೂ ಹೋಗಿ ಗುಂಡಿ ಒತ್ತೋ ತನಕ ಫ್ಯಾನು ತಿರುಗ್ತಿರ್ಲಿಲ್ಲ. ಸರಿ, ಅವತ್ತಿಂದ ಶನಿವಾರ ಬಂತೂಂದ್ರೆ ಇವರು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋಕೆ ಶುರು. ಗಂಟೆಗೊಂದು ಸಲ ಏಳೋರು, ಚಿಲಕ ಟಣ್, ಮೆಟ್ಟಿಲು ಹತ್ತೋ ಚಪ್ಪಲಿ ಸದ್ದು, ವಾಪಸ್ ಬಂದು ಮತ್ತೆ ಟಣ್.

ನನಗೆ ಪಿತ್ತ ನೆತ್ತಿಗೇರ್ತಿತ್ತು. ವಾರವೆಲ್ಲ ದುಡಿದು ಹೆಣವಾಗಿ ಒಂದು ರಾತ್ರಿ ನೆಮ್ಮದಿಯಾಗಿ ಮಲಗೋಣ ಅಂದ್ರೆ ಇವರದ್ದು ಈ ಕಾವಲು. ಬೈದೆ, ಮುಖ ಊದಿಸ್ಕೊಂಡೆ, ಒಂದ್ಸಲ ಹಾಸಿಗೆ ತಗೊಂಡು ಹೋಗಿ ಅಡುಗೆಮನೇಲಿ ಮಲಗಿದೆ. ಅವರು ಸಾರಿ ಕಣೇ ಅಂತಿದ್ರು, ಮುಂದಿನ ಶನಿವಾರ ಮತ್ತೆ ಅದೇ.

ದಿನಾ ಊರಿಗೆಲ್ಲ ಬ್ಯಾಕಪ್ ಟೆಸ್ಟ್ ಮಾಡಿ ಕಳಿಸ್ತೀಯ, ನಿನ್ನ ಗಂಡನಿಗೊಂದು ಮಾಡ್ಕೊಡೋಕೆ ಆಗಲ್ವೇನೇ ಅಂತ ಫ್ಯಾಕ್ಟರೀಲಿ ಪಕ್ಕದ ಟೇಬಲ್ಲಿನವಳು ರೇಗಿಸಿದ ಮೇಲೆ ನಾನು ಕೈ ಹಾಕಿದ್ದು. ದೊಡ್ಡ ವಿದ್ಯೆ ಏನಲ್ಲ. ಹನ್ನೆರಡು ವೋಲ್ಟಿನ ಒಂದು ಸಣ್ಣ ಬ್ಯಾಟರಿ, ಅದನ್ನ ತುಂಬೋಕೆ ಒಂದು ಚಾರ್ಜರ್ ಬೋರ್ಡು, ಎರಡು ಡಯೋಡು. ಕರೆಂಟ್ ಹೋದ್ರೆ ರೆಪ್ಪೆ ಬಡಿಯೋಷ್ಟೂ ಗ್ಯಾಪ್ ಇಲ್ದೆ ಬ್ಯಾಟರಿ ಹಿಡ್ಕೊಳುತ್ತೆ. ಕರೆಂಟ್ ಇದ್ರೆ ಹಸಿರು ದೀಪ, ಬ್ಯಾಟರೀಲಿ ಓಡ್ತಿದ್ರೆ ಕೆಂಪು ದೀಪ, ಜೊತೆಗೆ ಬಜರ್ ಕೀಂ ಕೀಂ ಅಂತ ಕೂಗುತ್ತೆ. ಆ ಫ್ಯಾನು ಎಳೆಯೋ ಕರೆಂಟಿಗೆ ಇಡೀ ರಾತ್ರಿ ಧಾರಾಳ.

ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು. ಅವರಿಗೆ ಬೀಪಿ ಇದೆ, ನಿದ್ದೆಗೆಟ್ಟು ಗಾಡಿ ಓಡಿಸ್ತಾರೆ, ಅವರು ಮಲಗ್ಲಿ ಅಂತ ಮಾಡಿದ್ದು ಅಂತ. ಎಷ್ಟು ಒಳ್ಳೆ ಹೆಂಡ್ತಿ ಅಂತ ಹೊಗಳಿಸ್ಕೊಂಡೆ. ನಿಜ ಇಲ್ಲಿ ಬರೀತೀನಿ. ನಾನು ಮಾಡಿದ್ದು ನನ್ನ ನಿದ್ದೆಗೆ. ಆ ಟಣ್ ನಿಲ್ಲಲಿ ಅಂತ.

ಅವತ್ತು ಶನಿವಾರ ಸಂಜೆ ನನ್ನ ಬ್ಯಾಟರಿ ಡಬ್ಬಿ ತಂದು ತಾರಸೀಲಿ ಜೋಡಿಸಿದೆ. ಪ್ಲಗ್ ಕಿತ್ತು ತೋರಿಸ್ದೆ. ಕೆಂಪು ದೀಪ ಬಂತು, ಬಜರ್ ಕೂಗ್ತು, ಫ್ಯಾನು ಮಾತ್ರ ನಿಲ್ಲಲಿಲ್ಲ. ನಮ್ಮನೆಯವರು ಮೂರು ಸಲ ತಾವೇ ಕಿತ್ತು ಹಾಕಿ ನೋಡಿದ್ರು. ಅವರ ಮುಖ ನೋಡ್ಬೇಕಿತ್ತು. ನನ್ನ ಹೆಂಡ್ತಿ ಎಂಜಿನಿಯರ್ ಕಣ್ರೀ ಅಂತ ಕೆಳಗಿನ ರೂಮಿನವರನ್ನೆಲ್ಲ ಕೂಗಿ ಕರೆದು ತೋರಿಸಿದ್ರು.

ಆಮೇಲೆ ನಾನು ಜೇಬಿಂದ ಕಪ್ಪು ಇನ್ಸುಲೇಷನ್ ಟೇಪ್ ತೆಗೆದೆ. ನಮ್ಮ ಟೆಸ್ಟಿಂಗ್ ಟೇಬಲ್ಲಿನ ಹೆಂಗಸರೆಲ್ಲ ಮಾಡೋ ಕೆಲಸ ಇದು. ದಿನಕ್ಕೆ ಅದೆಷ್ಟು ಯುಪಿಎಸ್ ಕಿವಿ ಹತ್ರ ಕೂಗೋದು, ತಲೆ ಚಿಟ್ಟು ಹಿಡಿಯುತ್ತೆ. ಅದಕ್ಕೆ ಕೆಲಸ ಮುಗಿಯೋ ತನಕ ಬಜರ್ ತೂತಿನ ಮೇಲೆ ಎರಡು ಸುತ್ತು ಟೇಪ್ ಅಂಟಿಸ್ತೀವಿ, ಪ್ಯಾಕ್ ಮಾಡುವಾಗ ಕಿತ್ತು ಹಾಕ್ತೀವಿ. ಕೈಗೆ ಅಭ್ಯಾಸ ಆಗಿಹೋಗಿದೆ. ನಮ್ಮ ಡಬ್ಬಿಗೂ ಅಂಟಿಸ್ದೆ.

ಅದು ಕೂಗ್ಲಿ ಬಿಡೇ, ಕರೆಂಟ್ ಹೋಗಿದ್ದು ಗೊತ್ತಾಗುತ್ತಲ್ಲ, ಎದ್ದು ಒಂದ್ಸಲ ನೋಡ್ಕೊಂಡು ಬರ್ತೀನಿ ಅಂದ್ರು ನಮ್ಮನೆಯವರು. ನೀವು ಏಳ್ಬಾರದು ಅಂತಲೇ ಇಷ್ಟೆಲ್ಲ ಒದ್ದಾಡಿದ್ದು, ಬಾಯ್ಮುಚ್ಕೊಂಡು ಮಲಗಿ ಅಂದೆ. ಎರಡು ವರ್ಷ ಬೈದ ಅದೇ ದನೀಲಿ ಅಂದೆ.

ಒಂಬತ್ತಕ್ಕೆ ಮಾಂಸ ಇಟ್ಟು ಬಂದು ಮಲಗಿದ್ರು. ನಿದ್ದೆ ಹತ್ತಲಿಲ್ಲ, ಹೊರಳಾಡ್ತಿದ್ರು.

"ಏನೋ ಮರೆತಂಗೆ ಆಗ್ತಿದೆ ಕಣೇ" ಅಂದ್ರು.

"ಏನೂ ಮರೆತಿಲ್ಲ. ಮಲಗ್ರೀ" ಅಂದೆ.

ಆಮೇಲೆ ಅವರ ಗೊರಕೆ ಕೇಳಿಸ್ತು. ಅದನ್ನ ಕೇಳ್ತಾ ಗೆದ್ದೆ ಅಂದ್ಕೊಂಡು ನಾನೂ ಮಲಗಿದೆ. ಎರಡು ವರ್ಷದಲ್ಲಿ ಅಂಥ ನಿದ್ದೆ ಮಾಡಿರ್ಲಿಲ್ಲ. ಏಳು ಗಂಟೆ ಆದ್ಮೇಲೆ ಬಿಸಿಲು ಮುಖಕ್ಕೆ ಬಿದ್ದು ಎಚ್ಚರ ಆಯ್ತು. ಪಕ್ಕಕ್ಕೆ ತಿರುಗಿ ಅವರ ಭುಜ ಅಲ್ಲಾಡಿಸ್ದೆ, ನೋಡಿ ಎಷ್ಟು ಹೊತ್ತಾಯ್ತು, ಹೋಗಿ ನಿಮ್ಮ ಕುರಿ ನೋಡಿ ಅಂತ. ಮೈ ತಣ್ಣಗಿತ್ತು.

ಹೃದಯ ನಿಂತಿದೆ, ಮೂರೋ ನಾಲ್ಕೋ ಗಂಟೆ ಹೊತ್ತಿಗೆ ಆಗಿರ್ಬೇಕು, ನಿದ್ದೇಲೇ ಹೋಗಿದ್ದಾರೆ ಅಂದ್ರು ಡಾಕ್ಟ್ರು. ಒಂಬತ್ತು ಗಂಟೆಯಷ್ಟೊತ್ತಿಗೆ ಮನೆ ತುಂಬಾ ಜನ. ನನ್ನ ನಾದಿನಿ, ಅವರಿಗಿದ್ದ ಒಬ್ಬಳೇ ತಂಗಿ, ಹೆಬ್ಬಗೋಡಿಯಿಂದ ಆಟೋ ಮಾಡ್ಕೊಂಡು ಎದೆ ಬಡ್ಕೊಳ್ತಾ ಬಂದ್ಲು. ಸಾವಾದ ಮನೇಲಿ ಹೆಣ ಎತ್ತೋ ತನಕ ಒಲೆ ಹಚ್ಚೋ ಹಾಗಿಲ್ಲ. ಗ್ಯಾಸ್ ಸಿಲಿಂಡರ್ ನಾಬನ್ನೂ ಯಾರೋ ತಿರುಗಿಸಿ ಬಂದ್ ಮಾಡಿದ್ರು. ಆದರೂ ಮನೆಯೆಲ್ಲ ಘಮ ಘಮ ಮಾಂಸದ ವಾಸನೆ. ಬಂದವರು ಮೂಗು ಎಳ್ಕೊಂಡು ಒಬ್ಬರ ಮುಖ ಒಬ್ಬರು ನೋಡಿದ್ರು. ಎಲ್ಲಿಂದ ಬರ್ತಿದೆ ಅತ್ತಿಗೆ ಅಂತ ನಾದಿನಿ ಕೇಳಿದಾಗಲೇ ನನಗೆ ಡ್ರಮ್ಮು ನೆನಪಾದದ್ದು.

ಮೇಲೆ ಹೋದೆ. ಡಬ್ಬಿ ಮೇಲೆ ಕೆಂಪು ದೀಪ. ರಾತ್ರಿ ಎರಡು ಗಂಟೆಗೆ ಹೋಗಿದ್ದ ಕರೆಂಟು ಇನ್ನೂ ಬಂದಿರ್ಲಿಲ್ಲ. ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತಂತೆ. ಏಳು ಗಂಟೆ ಕಾಲ ನಾನು ಮಾಡಿದ ಡಬ್ಬಿ ಒಂದು ಚೂರೂ ತಪ್ಪದೆ ಆ ಫ್ಯಾನನ್ನ ನಡೆಸಿತ್ತು. ಡ್ರಮ್ಮು ನೂರಾಹತ್ತು, ಮಾಂಸ ತೊಂಬತ್ತೈದು. ಅವರು ಎರಡು ವರ್ಷ ನಿದ್ದೆಗೆಟ್ಟು ಕಾದ ಅಂಕಿ ಅದೇ. ಟೇಪಿನ ಮೇಲೆ ಬೆರಳಿಟ್ಟೆ. ಒಳಗೆ ಬಜರ್ ಸಣ್ಣಗೆ ನಡುಗ್ತಾ ಇತ್ತು, ರಾತ್ರಿ ಎರಡು ಗಂಟೆಯಿಂದ ಕೂಗ್ತಾನೇ ಇತ್ತು.

ಆಫ್ ಮಾಡೋಕೆ ನನ್ನ ಕೈ ಬರ್ಲಿಲ್ಲ. ಓನರ್ ಅಜ್ಜಿ ಹಿಂದೇನೇ ಬಂದವರು ನನ್ನ ಪಕ್ಕಕ್ಕೆ ಸರಿಸಿ, ಒಂದು ಬಕೆಟ್ ನೀರು ಹುಯ್ದು ಬೆಂಕಿ ನಂದಿಸಿದ್ರು. ಮಾಂಸ ಎತ್ತಿ ಕೆಳಗಿನ ರೂಮಿನವರ ಕೈಗೆ ಕೊಟ್ರು. ಅವರೂ ತಿನ್ನಲಿಲ್ಲ. ಅಣ್ಣ ಬೇಯಿಸಿದ್ದು, ಅಣ್ಣನೇ ಇಲ್ದೆ ಹೆಂಗ್ ತಿನ್ನೋದ್ರೀ ಅಂತ ಹಿಂದಿನ ಖಾಲಿ ಸೈಟಲ್ಲಿ ಗುಂಡಿ ತೋಡಿ ಹೂತು ಬಂದ್ರಂತೆ.

ಹನ್ನೊಂದು ದಿನವೂ ಬಂದವರದ್ದೆಲ್ಲ ಅದೇ ಮಾತು. ಪುಣ್ಯಾತ್ಮ, ಸುಖದ ಸಾವು, ನಿನ್ನ ಡಬ್ಬಿಯಿಂದ ಕೊನೇ ರಾತ್ರಿಯಾದ್ರೂ ನೆಮ್ಮದಿಯಾಗಿ ಮಲಗಿದ ಅಂತ. ಸಮಾಧಾನಕ್ಕೇ ಹೇಳಿದ್ದು, ನನಗೆ ಅವರ ಬಾಯಿ ಮುಚ್ಚಬೇಕು ಅನ್ನಿಸ್ತಿತ್ತು. ಟೇಪ್ ಇಲ್ದಿದ್ರೆ ಎರಡು ಗಂಟೆಗೆ ಎದ್ದಿರ್ತಿದ್ರು. ಎದ್ದಿದ್ರೆ ಎದೆ ನೋವು ಅಂತ ನನ್ನ ಕರೆದಿರ್ತಿದ್ರು. ಬಿಲ್ಡಿಂಗ್ ಮುಂದೆ ಗಾಡಿ ನಿಂತಿತ್ತು, ಕೆಳಗೆ ಎಂಟು ಜನ ಗಂಡಸರಿದ್ರು, ಎತ್ಕೊಂಡು ಆಸ್ಪತ್ರೆಗೆ ಹಾಕಿರ್ತಿದ್ವಿ. ಡಾಕ್ಟ್ರನ್ನ ಕೇಳ್ದೆ. ಹಾಗೆಲ್ಲ ಹೇಳೋಕಾಗಲ್ಲಮ್ಮ ಅಂದ್ರು. ಆಗಲ್ಲ ಅಂದ್ರೆ ಉಳೀತಿರ್ಲಿಲ್ಲ ಅಂತಲೂ ಅಲ್ವಲ್ಲ.

ಆಮೇಲೆ ಶನಿವಾರಗಳಲ್ಲಿ ನನಗೆ ತಾನಾಗಿ ಗಂಟೆಗೊಂದು ಸಲ ಎಚ್ಚರ ಆಗೋಕೆ ಶುರುವಾಯ್ತು. ಮನೆ ಗಪ್‌ಚುಪ್. ಆಗ ನೆನಪಿಗೆ ಬಂತು, ಇಷ್ಟು ದಿನ ನಾನು ಬರೀ ಚಿಲಕದ ಸದ್ದನ್ನ ಲೆಕ್ಕ ಇಟ್ಟಿದ್ದೆ. ವಾಪಸ್ ಬಂದಾಗೆಲ್ಲ ಅವರು ನನ್ನ ಹೊದಿಕೆಯನ್ನ ಕಾಲಿನ ತನಕ ಎಳೆದು ಮುಚ್ಚಿ ಆಮೇಲೆ ಮಲಗ್ತಿದ್ರು. ಪ್ರತಿ ಸಲವೂ. ನಾನು ಎಚ್ಚರ ಇದ್ದೇ ಸಿಟ್ಟಲ್ಲಿ ನಿದ್ದೆ ಬಂದಂಗೆ ನಾಟಕ ಮಾಡ್ತಿದ್ದೆ.

ಪಿತೃಪಕ್ಷ ಬಂತು. ತೀರಿಕೊಂಡವರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡಬೇಕು. ಮುದ್ದೆ, ಸಾರು, ಕಡ್ಲೆಮಿಠಾಯಿ, ಎಲೆ ಅಡಿಕೆ ಎಲ್ಲ ಆಯ್ತಲ್ಲ, ಇನ್ನೇನು ಬೇಕು ಅಂದ್ಲು ಹಿಂದಿನ ದಿನವೇ ಬಂದಿದ್ದ ನಾದಿನಿ. ನಾನು ಆಗಲೇ ಡ್ರಮ್ಮು ತೊಳೆದಿಟ್ಟಿದ್ದೆ. ಅಟ್ಟದ ಮೇಲಿದ್ದ ಡಬ್ಬಿ ಇಳಿಸಿ ಬ್ಯಾಟರಿ ಚಾರ್ಜ್ ಮಾಡಿದ್ದೆ. ಬಜರ್ ಮೇಲಿನ ಟೇಪ್ ಕಿತ್ತೆ. ಅಟ್ಟದ ಸೆಕೆಗೆ ಕರಗಿದ್ದ ಅಂಟು ಬೆರಳಿಗೆ ಹತ್ಕೊಂಡ್ತು, ಸೀಮೆಎಣ್ಣೆ ಹಾಕಿ ಉಜ್ಜಿದ್ರೂ ಪೂರ್ತಿ ಹೋಗ್ಲಿಲ್ಲ.

ಆ ರಾತ್ರಿ ಒಂದು ಸಲವೂ ಕರೆಂಟ್ ಹೋಗ್ಲಿಲ್ಲ. ಆದರೂ ನಾನು ಗಂಟೆಗೊಂದು ಸಲ ಎದ್ದೆ, ಚಿಲಕ ಎಳೆದೆ, ಮೇಲೆ ಹೋದೆ. ಅವರು ಕೂರ್ತಿದ್ದ ಪೇಂಟ್ ಬಕೆಟ್ ಬೋರಲಾಗಿ ಅಲ್ಲೇ ಇತ್ತು. ಅಲ್ಲಿ ಕೂತ್ರೆ ತುಮಕೂರು ರೋಡಲ್ಲಿ ಹೋಗೋ ಲಾರಿಗಳೆಲ್ಲ ಕಾಣುತ್ತೆ, ನನಗೆ ಗೊತ್ತೇ ಇರ್ಲಿಲ್ಲ. ಹಸಿರು ದೀಪ ನೋಡಿ ಕೆಳಗೆ ಬರ್ತಿದ್ದೆ. ಬಂದ್ರೆ ಹೊದಿಕೆ ಸರಿ ಮಾಡೋಕೆ ಹಾಸಿಗೇಲಿ ಯಾರೂ ಇರ್ಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಬಾಯಿಗೆ ಸೆರಗು ತುರುಕ್ಕೊಂಡು ಅತ್ತೆ, ಪಕ್ಕದ ರೂಮಲ್ಲಿ ಮಲಗಿದ್ದ ನಾದಿನಿ ಏಳ್ಬಾರದು ಅಂತ.

ಮಾಂಸ ಚೆನ್ನಾಗೇ ಬೆಂದಿತ್ತು. ಎಲೆ ತುದಿಗೆ ಬಡಿಸ್ದೆ. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಬೇಕು, ಹಿರಿಯರು ಬಂದು ಊಟ ಮಾಡೋ ತನಕ. ಮುಂದಿನ ಬಾಗಿಲು ಎಳ್ಕೊಂಡು ನಾನು, ನಾದಿನಿ, ಓನರ್ ಅಜ್ಜಿ ಮೆಟ್ಟಿಲ ಹತ್ರ ನಿಂತ್ವಿ. ಐದು ನಿಮಿಷ ಆಯ್ತು, ಹತ್ತಾಯ್ತು. ಅನ್ನ ಆರೋಗುತ್ತೆ ಅತ್ತಿಗೆ ಅಂದ್ಲು ನಾದಿನಿ. ನಾನು ಕದಲಲಿಲ್ಲ. ಅಜ್ಜಿ ನನ್ನ ಬೆನ್ನ ಮೇಲೆ ಕೈ ಇಟ್ರು.

"ಸಾಕು, ಬಾಗ್ಲು ತೆಗಿಯವ್ವ. ಅವನು ಉಂಡಿರ್ತಾನೆ."

ನಾನು ಬಾಗಿಲಿಗೆ ಕಿವಿ ಒತ್ತಿ ನಿಂತಿದ್ದೆ.

"ಇರಿ ಅಜ್ಜಿ" ಅಂದೆ. "ಇನ್ನೂ ಚಿಲಕದ ಸದ್ದು ಕೇಳಿಲ್ಲ."