ರೋಡಿಗೂ ತೋಟಕ್ಕೂ ಒಂದೇ ಟೈರು

"ಅಣ್ಣಾ, ನೀವು ಹಾಕ್ಸಿದ್ರಲ್ಲ ಟೈರು, ಅದನ್ನೇ ನಾನೂ ಹಾಕಿಸ್ಬೇಕು ಅಂತಿದೀನಿ. ಹೆಂಗಿದೆ ಹೇಳಿ?"

ಮೊನ್ನೆ ಮುಳಬಾಗಿಲಿನಿಂದ ಓದುಗರೊಬ್ಬರು ಫೋನ್ ಮಾಡಿ ಕೇಳಿದರು. ಸಿಗ್ನಲ್ ಸರಿಯಿಲ್ಲ, ಆಮೇಲೆ ಮಾಡ್ತೀನಿ ಎಂದು ಕಟ್ ಮಾಡಿದೆ. (ಸಿಗ್ನಲ್ ಚೆನ್ನಾಗಿಯೇ ಇತ್ತು. ಸ್ವಾಮಿ, ನೀವು ಇದನ್ನು ಓದುತ್ತಿದ್ದರೆ ಕ್ಷಮಿಸಿ. ನಿಮಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.)

ತಪ್ಪು ನನ್ನದೇ. ಮೂರು ವಾರದ ಹಿಂದೆ ಪೇಪರಿನ ಇದೇ ಅಂಕಣದಲ್ಲಿ ಹೊಸ ಟೈರಿನ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೆ. ಆಲ್ ಟೆರೇನ್ ಟೈರು. ಅಂದರೆ ಟಾರು ರೋಡಿಗೂ ಸೈ, ಮಣ್ಣಿಗೂ ಸೈ, ಕಲ್ಲಿಗೂ ಸೈ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಟೈರಿನ ಸೈಡಲ್ಲಿ ಬರೆದಿರುವ ಅಷ್ಟೂ ನಂಬರುಗಳನ್ನು ಓದಿ ಅರ್ಥ ಹೇಳಬಲ್ಲೆ ಎಂದೂ ಬರೆದಿದ್ದೆ. ಅದು ಸುಳ್ಳಲ್ಲ. ನಂಬರು ಓದಲು ನನಗೆ ಬರುತ್ತದೆ. ಓದಬೇಕಾಗಿದ್ದದ್ದು ನಂಬರನ್ನಲ್ಲ, ಅಷ್ಟೇ.

ನನ್ನದು ಒಂದೂವರೆ ಟನ್ ಹೊರುವ ಪಿಕಪ್. ಬೆಳಿಗ್ಗೆ ಹುತ್ತೂರು ಕಡೆಯ ತೋಟಗಳಿಂದ ಟೊಮೆಟೊ ತುಂಬಿಕೊಂಡು ಕೋಲಾರದ ಮಂಡಿಗೆ ಹೋಗುತ್ತೇನೆ. ಹನ್ನೆರಡು ವರ್ಷದಿಂದ ಇದೇ ಕೆಲಸ. ಈ ವರ್ಷ ಇನ್ನೊಂದು ಸೇರಿತು. ಮಾಲೂರಿನ ಒಂದು ಫ್ಯಾಕ್ಟರಿಗೆ ದಿನಾ ಹತ್ತು ಗಂಟೆಗೆ ಹೋಗಿ ಸಾಮಾನು ತುಂಬಿಕೊಂಡು ಹೊಸಕೋಟೆ ಮುಟ್ಟಿಸುವುದು. ಟೊಮೆಟೊ ಇರಲಿ ಬಿಡಲಿ, ಅದು ವರ್ಷಪೂರ್ತಿ ಇರುವ ಕೆಲಸ. ಮಾಲೂರು ಬಿಟ್ಟರೆ ನಮ್ಮ ಮನೆ ನಡೆಯುವುದಿಲ್ಲ. ಇದರಲ್ಲಿ ಮುಚ್ಚುಮರೆ ಏನಿದೆ?

ಫ್ಯಾಕ್ಟರಿ ಗೇಟಿನ ಸೂಪರ್‌ವೈಸರ್ ಮೊದಲ ವಾರವೇ ಗಾಡಿ ನಿಲ್ಲಿಸಿದ. ಆಗ ನನ್ನ ಗಾಡಿಗೆ ಇದ್ದದ್ದು ದಪ್ಪ ದಪ್ಪ ರಬ್ಬರ್ ಬಟನ್‌ಗಳ, ಕೆಸರಿಗೆಂದೇ ಮಾಡಿದ ಮಡ್ ಟೈರು.

"ಏನ್ರೀ ಇದು, ಟ್ರ್ಯಾಕ್ಟರ್ ಚಕ್ರ ಹಾಕ್ಕೊಂಡ್ ಬಂದಿದೀರಾ? ಒಳಗೆಲ್ಲ ಸಿಮೆಂಟ್ ನೆಲ. ನೀವು ಹೋದ ಮೇಲೆ ಮಣ್ಣಿನ ಹೆಂಟೆ ಗುಡಿಸಕ್ಕೆ ಇಬ್ರು ಬೇಕು. ಟೈರ್ ಬದಲಾಯ್ಸಿ, ಇಲ್ಲಾಂದ್ರೆ ಬೇರೆ ಗಾಡಿ ನೋಡ್ತೀವಿ."

ಅವನ ಮಾತು ಕೆಟ್ಟದ್ದೇನಲ್ಲ. ಮಡ್ ಟೈರು ಹೈವೇಯಲ್ಲಿ ದೊಡ್ಡ ಗಂಟಲಲ್ಲಿ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕು ಹಾಕಿದರೆ ಒಂದು ಮಾರು ಮುಂದಕ್ಕೇ ಹೋಗಿ ನಿಲ್ಲುತ್ತದೆ. ಹೇಗೂ ಟೈರುಗಳು ಸವೆದು ಬಂದಿದ್ದವು. ಮುಳಬಾಗಿಲು ಹೈವೇ ಪಕ್ಕದಲ್ಲಿರುವ ಖಾದರ್ ಭಾಯ್ ಅಂಗಡಿಗೆ ಹೋದೆ. ಅವರ ಅಪ್ಪನ ಕಾಲದಿಂದ ಅದೇ ಅಂಗಡಿ.

ನಮ್ಮ ಕಡೆ ಟೈರು ಕೊಳ್ಳುವುದು ಎತ್ತು ಕೊಳ್ಳುವ ಹಾಗೆ. ರಬ್ಬರಿಗೆ ಉಗುರು ಊರಿ ನೋಡಬೇಕು. ಮೂಸಬೇಕು. ಬಟನ್‌ಗಳ ಸಂದಿಗೆ ಬೆರಳು ತೂರಿಸಿ ನೋಡಬೇಕು. ಎರಡು ಬೆರಳು ಹೋದರೆ ಕೆಸರಿನ ಟೈರು, ಒಂದೂ ಹೋಗದಿದ್ದರೆ ರೋಡಿನ ಟೈರು. ಅಂಗಡಿಯಲ್ಲಿದ್ದ ಆಲ್ ಟೆರೇನ್ ಟೈರಿಗೆ ಒಂದು ಬೆರಳು ಹೋಯಿತು. ನಡುವಿನದು ಎಂದು ನಾನೇ ತಲೆಯಾಡಿಸಿದೆ.

"ಭಾಯ್, ಮೊದ್ಲು ಹೇಳಿ, ಗಾಡಿ ರೋಡಲ್ಲಿ ಎಷ್ಟು, ತೋಟದಲ್ಲಿ ಎಷ್ಟು ಓಡ್ತದೆ?" ಖಾದರ್ ಭಾಯ್ ಕೇಳಿದರು.

"ಹತ್ತರಲ್ಲಿ ಒಂಬತ್ತು ಪಾಲು ರೋಡೇ."

"ಹಂಗಾದ್ರೆ ಸರಿ. ಆದ್ರೆ ಇದ್ರಲ್ಲೂ ಎರಡು ಥರ. ಆ ಶೋಕಿ ಟೈರ್ ಬ್ಯಾಡ, ಅದು ಬೆಂಗ್ಳೂರ್ ಜೀಪಿಗೆ. ನೋಡಕ್ಕೆ ಪೈಲ್ವಾನ್, ಲೋಡ್ ಹಾಕಿದ್ರೆ ಕೂತ್ಕೊಂಡ್‌ಬಿಡ್ತದೆ. ಇದು ತಗೊಳ್ಳಿ, ಲೋಡಿಗೇ ಮಾಡಿರೋದು." ಆಮೇಲೆ ಕೇಳಿದರು. "ತೋಟದ ಮಣ್ಣು ಎಂಥಾದ್ದು?"

"ಕೆರೆ ಕೆಳಗಿನ ಗದ್ದೆ ಭಾಯ್. ಜೇಡಿ."

"ಜೇಡಿನಾ? ತ್ಯಾವ ಇದ್ಯಾ?"

"ಬೇಸಿಗೇಲಿ ಎಲ್ಲಿ ತ್ಯಾವ? ಬಿರುಕು ಬಿಟ್ಟಿರ್ತದೆ."

ಈ ಮಾತನ್ನು ಹೇಳಿದವನು ನಾನೇ. ಯಾರೂ ನನ್ನ ಬಾಯಲ್ಲಿ ತುರುಕಿದ್ದಲ್ಲ.

(ಬೆಂಗಳೂರು ಜೀಪು ಎಂದರಲ್ಲ. ಭಾನುವಾರ ನಮ್ಮ ಬೆಟ್ಟಗಳ ಕಡೆ ಸಾಲಾಗಿ ಬರುತ್ತವೆ. ಬೇಕೆಂದೇ ಕೆಸರಿಗೆ ಇಳಿಸುತ್ತಾರೆ, ಹೂತುಕೊಂಡರೆ ಕೇಕೆ ಹಾಕಿ ವಿಡಿಯೋ ಮಾಡುತ್ತಾರೆ. ಅವರಿಗೆ ಕೆಸರು ಆಟ. ಬೇಜಾರಾದ ದಿನ ಮನೆಗೆ ಹೋಗುತ್ತಾರೆ.)

ಹೊಸ ಟೈರು ಹಾಕಿಸಿಕೊಂಡು ಕುರುಡುಮಲೆಗೆ ಹೋಗಿ ಗಣಪನಿಗೆ ಕೈ ಮುಗಿದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಅಲ್ಲಿಂದ ಶ್ರೀನಿವಾಸಪುರದ ಒಂದು ಮಾವಿನ ತೋಪಿನೊಳಗೆ ಲೋಡು ಸಮೇತ ಓಡಿಸಿ ನೋಡಿದೆ. ಕೆಂಪು ಗರಸು ಮಣ್ಣು, ಅಲ್ಲಲ್ಲಿ ಕಲ್ಲು. ಗಾಡಿ ಎಲ್ಲೂ ತಿಣುಕಲಿಲ್ಲ. ವಾಪಸ್ ಹೈವೇಗೆ ಬಂದರೆ ಸದ್ದೇ ಇಲ್ಲ. ಆ ಸಂಜೆಯೇ ಕೂತು ನಿಮಗೆ ಆ ಜಂಬದ ಬರಹ ಬರೆದದ್ದು.

ಈಗ ನಾರಾಯಣಮ್ಮನ ವಿಷಯಕ್ಕೆ ಬರುತ್ತೇನೆ.

ನಾರಾಯಣಮ್ಮನದು ಕೆರೆ ಕಟ್ಟೆಯ ಕೆಳಗೆ ಒಂದು ಎಕರೆ ಟೊಮೆಟೊ. ಟಾರು ರೋಡಿನಿಂದ ತೋಟಕ್ಕೆ ಇನ್ನೂರು ಹೆಜ್ಜೆ, ನಡುವೆ ಗದ್ದೆ ಬದು. ಹನ್ನೆರಡು ವರ್ಷದ ಹಿಂದೆ ನಾನು ಗಾಡಿ ತಂದ ಹೊಸದರಲ್ಲಿ ಅಲ್ಲಿಗೆ ಹೋದಾಗ ಬೇರೆ ಡ್ರೈವರುಗಳೆಲ್ಲ ರೋಡಿನಲ್ಲೇ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದರು. ಹೆಂಗಸರು ಹದಿನೈದು ಕೇಜಿಯ ಬಾಕ್ಸುಗಳನ್ನು ತಲೆ ಮೇಲೆ ಹೊತ್ತು ತರುತ್ತಿದ್ದರು. ಒಬ್ಬೊಬ್ಬರು ಇಪ್ಪತ್ತು ಸಲ, ಮೂವತ್ತು ಸಲ.

ನನಗೆ ಅದನ್ನು ನೋಡಲು ಆಗಲಿಲ್ಲ. ನಮ್ಮಮ್ಮ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತವಳು. ಕೊನೆಕೊನೆಗೆ ಅವಳ ಕತ್ತು ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನನ್ನನ್ನು ನೋಡಬೇಕಾದರೂ ಇಡೀ ಮೈ ತಿರುಗಿಸುತ್ತಿದ್ದಳು. ಯಾರಾದರೂ ಕರೆದರೆ ಬಾಗಿಲು ತಿರುಗಿದಂತೆ ತಿರುಗುತ್ತಿದ್ದಳು.

ಅವತ್ತೇ ನಾರಾಯಣಮ್ಮನಿಗೆ ಹೇಳಿದೆ. "ಅಕ್ಕಾ, ಇನ್ ಮೇಲೆ ತಲೆ ಮೇಲೆ ಹೊರಬ್ಯಾಡಿ. ಗಾಡಿ ತೋಟದೊಳಕ್ಕೇ ಬರ್ತದೆ." ಅದಕ್ಕೆಂದೇ ಮಡ್ ಟೈರು ಹಾಕಿಸಿದೆ. ಸುತ್ತ ಎಂಟು ತೋಟಕ್ಕೂ ಹಾಗೆಯೇ ಇಳಿಯುತ್ತಿದ್ದೆ. ನಾನು ಓದಿದವನಲ್ಲ, ಊರಿಗೆ ಏನೂ ಕಟ್ಟಿಸಿದವನಲ್ಲ. ಆದರೆ ಎಂಟು ತೋಟದ ಹೆಂಗಸರ ತಲೆ ಮೇಲಿಂದ ಬಾಕ್ಸು ಇಳಿಸಿದವನು. ಇದು ನನ್ನ ಜಂಬ. ಯಾವ ಅಂಕಣದಲ್ಲೂ ಇದನ್ನು ಬರೆದಿರಲಿಲ್ಲ. ಏಕೆಂದರೆ ಇದೊಂದೇ ನಿಜವಾದ ಜಂಬ.

ಕೆರೆ ಕೆಳಗೆ ಈ ಬೆಳೆಯ ಕೊಯ್ಲು ಶುರುವಾದದ್ದು ಕಳೆದ ವಾರ, ಹೊಸ ಟೈರಿನಲ್ಲಿ ನಾನು ಅಲ್ಲಿಗೆ ಹೋದದ್ದೂ ಅದೇ ಮೊದಲು. ಬೆಳಕು ಹರಿಯುವ ಹೊತ್ತಿಗೆ ಎಂದಿನಂತೆ ಬದು ದಾಟಿ ಗಾಡಿ ಇಳಿಸಿದೆ. ಖಾಲಿ ಗಾಡಿ, ಸಲೀಸಾಗಿ ಹೋಯಿತು. ನೂರು ಬಾಕ್ಸು ತುಂಬಿದೆವು. ಸ್ಟಾರ್ಟ್ ಮಾಡಿ ಗೇರು ಹಾಕಿದೆ. ಗಾಡಿ ಮುಂದಕ್ಕೆ ಹೋಗುವ ಬದಲು ಕೆಳಕ್ಕೆ ಹೋಯಿತು.

ಇಳಿದು ನೋಡಿದೆ. ಟೈರಿನ ಸಂದಿಗಳಲ್ಲೆಲ್ಲ ಜೇಡಿ ಗಿಡಿದು ತುಂಬಿ, ಹೊಸ ಟೈರು ಎಣ್ಣೆ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಒಂದು ಬೆರಳಿನ ಸಂದಿ ಜೇಡಿಯನ್ನು ಹಿಡಿದುಕೊಳ್ಳುತ್ತದೆ, ಎರಡು ಬೆರಳಿನದು ಉಗಿದುಬಿಡುತ್ತದೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಗೊತ್ತಿಲ್ಲದೇ ಇದ್ದದ್ದು ಬೇರೆ. ಮಳೆಯಿಲ್ಲ, ಬೇಸಿಗೆ. ಗದ್ದೆ ಹೇಗೆ ಹಸಿ? ತಲೆ ಎತ್ತಿ ಕಟ್ಟೆಯ ಕಡೆ ನೋಡಿದೆ. ಕಟ್ಟೆಯ ಆಚೆ ಕೆರೆ ತುಂಬಿದೆ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡಲು ಶುರುಮಾಡಿ ಎಷ್ಟೋ ವರ್ಷವಾಯಿತು. ನೀರು ಬಂದ ದಿನ ಕಟ್ಟೆ ಮೇಲೆ ನಿಂತು ನೋಡಿದವರಲ್ಲಿ ನಾನೂ ಒಬ್ಬ. ಕೆರೆ ತುಂಬಿದರೆ ಕೆಳಗಿನ ಗದ್ದೆಯಲ್ಲಿ ನೀರು ಜಿನುಗುತ್ತದೆ, ಬೇಸಿಗೆಯಲ್ಲೂ. ನಾಲ್ಕೈದು ವರ್ಷದಿಂದ ಕೊಯ್ಲಿನ ಕಾಲದಲ್ಲಿ ಅದೇ ಹಸಿಯ ಮೇಲೆ ವಾರಕ್ಕೆರಡು ಸಲ ಗಾಡಿ ಓಡಿಸಿದ್ದೇನೆ. ನನಗೆ ತಿಳಿಯಲೇ ಇಲ್ಲ, ಏಕೆಂದರೆ ಮಡ್ ಟೈರು ತಿಳಿಯಲು ಬಿಡಲಿಲ್ಲ. ಕಣ್ಣೆದುರು ತುಂಬಿದ ಕೆರೆ, ತಲೆಯೊಳಗೆ ಮಾತ್ರ ನನ್ನ ಚಿಕ್ಕಂದಿನ ಒಣ ಕೆರೆ. ಖಾದರ್ ಭಾಯ್‌ಗೆ ನಾನು ಹೇಳಿದ್ದು ಆ ಕೆರೆಯ ಮಣ್ಣನ್ನು.

ಕೋಲಾರದವನಲ್ಲದೆ ಇನ್ಯಾವನು ಇಂಥ ತಪ್ಪು ಮಾಡುತ್ತಾನೆ? ಬಾಳೆಲ್ಲ ನೀರಿಲ್ಲ ನೀರಿಲ್ಲ ಎಂದು ಬಾಯಿ ಬಡಿದುಕೊಂಡವನು, ನೀರು ಬಂದದ್ದನ್ನೇ ಮರೆತ.

ಚಕ್ರದ ಗಾಳಿ ಇಳಿಸಿದೆ. ಕಲ್ಲು ಹಾಕಿದೆವು, ಹುಲ್ಲು ಹಾಕಿದೆವು, ಟೊಮೆಟೊ ಗಿಡಕ್ಕೆ ಆಸರೆ ಕೊಡುವ ಕೋಲುಗಳನ್ನೂ ಕಿತ್ತು ಹಾಕಿದೆವು. ಇನ್ನೊಂದು ಗೇಣು ಹೂತುಕೊಂಡಿತು.

"ಏಮಣ್ಣಾ, ಹೊಸ ಟೈರಂತೆ, ಪೇಪರಲ್ಲಿ ಬೇರೆ ಬರ್ದಿದ್ರಂತೆ?" ನಾರಾಯಣಮ್ಮನ ಸೊಸೆ ಮಂಜುಳ ಕೇಳಿದಳು. ಬಾಯಿ ಸುಮ್ಮನಿರದ ಹುಡುಗಿ. "ಟೈರ್‌ಗೆ ಒಸಿ ಓದಕ್ಕೆ ಹೇಳ್ಕೊಡ್ಬೇಕಾಗಿತ್ತು."

"ಏಯ್, ಸುಮ್ಕಿರೇ," ಎಂದರು ನಾರಾಯಣಮ್ಮ. ನನ್ನ ಕಡೆ ತಿರುಗಿ, "ಪೋನೀಲೇ ನಾಯನಾ, ಮಂಡಿಗೆ ಹೊತ್ತಾಯ್ತದೆ. ಇಳ್ಸಣ. ರೋಡಿಗೆ ಹೊತ್ಕೊಂಡ್ ಹೋಗಣ," ಎಂದರು. ಹೋಗಲಿ ಬಿಡು ಮಗಾ ಎಂದು ತೆಲುಗಿನಲ್ಲಿ ಹೇಳಿದ ಆ ಮಾತಿನಲ್ಲಿ ಸಿಟ್ಟು ಒಂದು ಸಾಸಿವೆಯಷ್ಟೂ ಇರಲಿಲ್ಲ.

ನೂರು ಬಾಕ್ಸು. ನಾನೂ ಹೊತ್ತೆ. ಹೊರುವುದು ನನಗೇನು ಹೊಸದಲ್ಲ. ಆಮೇಲೆ ಪಕ್ಕದ ತೋಟದ ಟ್ರ್ಯಾಕ್ಟರು ಬಂದು ಖಾಲಿ ಗಾಡಿಯನ್ನು ಎಳೆದು ರೋಡಿಗೆ ಹಾಕಿತು. ಮತ್ತೆ ತುಂಬಿದೆವು. ಮಂಡಿ ಮುಟ್ಟುವಷ್ಟರಲ್ಲಿ ಹರಾಜಿನ ಕೂಗು ಮುಗಿಯುತ್ತಾ ಬಂದಿತ್ತು. ಮಾಲೂರಿನ ಗೇಟಿಗೆ ಎರಡು ಗಂಟೆ ತಡವಾಗಿ ಹೋದೆ. ಸೂಪರ್‌ವೈಸರ್ ಗಡಿಯಾರ ನೋಡಿದ, ಆಮೇಲೆ ಟೈರು ನೋಡಿದ. ಅವನ ಗೇಟಿಗಾಗಿ ಹಾಕಿಸಿದ ಟೈರಿನ ತುಂಬ ನಾರಾಯಣಮ್ಮನ ಗದ್ದೆಯ ಜೇಡಿ.

"ಇದಕ್ಕೇನಾ ಬದಲಾಯ್ಸಿದ್ದು?" ಎಂದ.

ಗೇಟಿನ ಹೊರಗೇ ಕೂತು ಕಡ್ಡಿಯಿಂದ ಟೈರಿನ ಜೇಡಿ ಕೆರೆದೆ.

ಮರುದಿನ ಖಾದರ್ ಭಾಯ್ ಹತ್ತಿರ ಹೋದೆ. ಓಡಿಸಿದ ಟೈರನ್ನು ಯಾವ ಅಂಗಡಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ನ್ಯಾಯವೇ. ಎರಡು ಸೆಟ್ ಇಟ್ಟುಕೊಂಡರೆ ಹೇಗೆ ಎಂದೆ. ಅವರು ಪಾಪ ನಗಬಾರದೆಂದು ತಡೆದುಕೊಂಡು, "ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಹಾಕಕ್ಕೆ ಅದೇನು ಚಪ್ಪಲೀನಾ ಭಾಯ್?" ಎಂದರು. ಆಮೇಲೆ ಟೀ ತರಿಸಿದರು. ಟೀ ಕುಡಿದೆವು. 

ಎರಡಕ್ಕೂ ಆಗುತ್ತದೆ ಎಂದು ಹೇಳಿದ್ದನ್ನೆಲ್ಲ ನಾವು ಹೇಗೆ ನಂಬಿಬಿಡುತ್ತೇವೆ ನೋಡಿ. ಸೋಫಾನೂ ಅದೇ, ಮಂಚಾನೂ ಅದೇ. ಕೂತರೆ ಬೆನ್ನು ನೋವು, ಮಲಗಿದರೆ ಸೊಂಟ ನೋವು. ಆದರೂ ಕೊಳ್ಳುತ್ತೇವೆ, ಏಕೆಂದರೆ ಒಂದನ್ನು ಆರಿಸಿಕೊಂಡೆ, ಇನ್ನೊಂದನ್ನು ಬಿಟ್ಟೆ ಎಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಆಲ್ ಟೆರೇನ್ ಎಂದರೆ ಏನನ್ನೂ ಬಿಡಬೇಕಾಗಿಲ್ಲ ಎಂದು ತಿಳಿದಿದ್ದೆ. ಹತ್ತರಲ್ಲಿ ಒಂಬತ್ತು ಪಾಲು ರೋಡು ಎಂದೆನಲ್ಲ? ಕಿಲೋಮೀಟರಿನಲ್ಲಿ ಅಳೆದರೆ ಸರಿಯೇ. ಇನ್ನೂರು ಹೆಜ್ಜೆಯನ್ನು ಯಾರಾದರೂ ಕಿಲೋಮೀಟರಿನಲ್ಲಿ ಅಳೆಯುತ್ತಾರಾ?

ಮುಳಬಾಗಿಲಿನ ಸ್ವಾಮಿಗಳೇ, ನಿಮಗೆ ಇಷ್ಟು ಹೇಳುತ್ತೇನೆ. ಗರಸು, ಕಲ್ಲು, ಕೆಂಪು ಮಣ್ಣು, ಮಾವಿನ ತೋಪು ಆದರೆ ಧಾರಾಳವಾಗಿ ಹಾಕಿಸಿ, ಒಳ್ಳೆಯ ಟೈರು. ಲೋಡಿನ ನಂಬರು ನೋಡಿಯೇ ತಗೊಳ್ಳಿ. ಜೇಡಿಗೆ ಇಳಿಯುವ ಗಾಡಿಯಾದರೆ ಮಾತ್ರ ಬೇಡ. ಟೈರಿನ ಅಂಗಡಿಗೆ ಹೋಗುವ ಮುಂಚೆ ತೋಟಕ್ಕೆ ಹೋಗಿ, ಬರಿಗಾಲಲ್ಲಿ ಒಂದು ಸಲ ನಡೆದು ನೋಡಿ. ನಾನು ಗಾಡಿಯಿಂದ ಇಳಿಯದೇ ನಿರ್ಧಾರ ಮಾಡಿದೆ.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ಸಲ ಹೂತುಕೊಂಡಿತು, ಎಳೆದರು, ಆಯಿತು.

ನಾಲ್ಕು ದಿನ ಬಿಟ್ಟು ಮುಂದಿನ ಕೊಯ್ಲಿಗೆ ಹೋದೆ. ಏನಾದರೂ ಮಾಡಿ ಬದುವಿನವರೆಗಾದರೂ ಇಳಿಸಬೇಕು ಎಂದು ಎರಡು ಹಲಗೆ ತಗೊಂಡು ಹೋಗಿದ್ದೆ. ಹಲಗೆ ಬೇಕಾಗಲಿಲ್ಲ. ರೋಡಿನ ಪಕ್ಕದಲ್ಲಿ ಆಗಲೇ ಅರವತ್ತು ಬಾಕ್ಸು ಸಾಲಾಗಿ ಕೂತಿದ್ದವು. ನಾರಾಯಣಮ್ಮ ಇನ್ನೊಂದನ್ನು ಹೊತ್ತು ಬರುತ್ತಿದ್ದರು. ಹಳೇ ಸೀರೆ ಸುತ್ತಿದ ಸಿಂಬೆ, ಅದರ ಮೇಲೆ ಬಾಕ್ಸು, ಎರಡೂ ಕೈ ಮೇಲಕ್ಕೆ.

"ಯಾಕಕ್ಕಾ? ನಾನು ಬರ್ತಿದ್ನಲ್ಲ," ಎಂದೆ.

"ನಿನ್ ಗಾಡಿಗೆ ಯಾಕಪ್ಪಾ ತೊಂದ್ರೆ. ನಿಂಗೂ ಮಾಲೂರಿಗೆ ಟೈಮಾಯ್ತದಲ್ಲ," ಎಂದರು. "ನಮಗೇನು, ಅಭ್ಯಾಸ ಇದ್ದೇ ಇದೆ."

ಇಳಿದು ಹೊರಲು ಹೋದೆ. ಬಿಡಲಿಲ್ಲ. "ನೀನು ಮೇಲೆ ನಿಂತ್ಕೊಂಡ್ ಜೋಡ್ಸು. ನೀನೂ ಹೊತ್ರೆ ಇಬ್ರಿಗೂ ಲೇಟು." ಮಂಜುಳ ಆವತ್ತು ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ನಿನ್ನೆ ಹೊತ್ತಿಗೆ ಎಂಟು ತೋಟದವರೂ ಬಾಕ್ಸನ್ನು ರೋಡಿಗೆ ತಂದಿಡಲು ಶುರು ಮಾಡಿದ್ದಾರೆ. ಯಾರೂ ನನ್ನನ್ನು ಕೇಳಲಿಲ್ಲ. ಯಾರೂ ಬೈಯಲಿಲ್ಲ. ನಾನು ಗಾಡಿಯ ಮೇಲೆ ನಿಂತು, ಬಗ್ಗಿ, ಒಬ್ಬೊಬ್ಬರ ತಲೆಯ ಮೇಲಿಂದ ಬಾಕ್ಸು ಎತ್ತಿಕೊಳ್ಳುತ್ತೇನೆ. ಬಾಕ್ಸು ಎತ್ತಿದ ಕೂಡಲೇ ಅದರ ಕೆಳಗಿನ ಮುಖ ಕಾಣಿಸುತ್ತದೆ, ಬೆವರು ಒರೆಸಿಕೊಂಡು ನನ್ನನ್ನು ನೋಡಿ ನಗುತ್ತದೆ.

ಆಗ ನಾನು ಎಲ್ಲಿ ನೋಡಲಿ?