ಹಸೆಮಣೆಯಿಂದ ಇಳಿಸುವ ವಿದ್ಯೆ

ನಮ್ಮ ಮದುವೆಯ ಹಸೆಮಣೆಯ ಮೇಲೆ ಮೊನ್ನೆಮೊನ್ನೆಯವರೆಗೂ ಕಂಪ್ಯೂಟರಿನ ಡಬ್ಬ ಕುಳಿತಿತ್ತು. ಕೊಪ್ಪದ ನೆಲದ ಥಂಡಿ ಅದಕ್ಕೆ ತಾಗಬಾರದೆಂದು ನಾನೇ ಏರಿಸಿದ್ದು. ನನ್ನ ಹೆಂಡತಿ ಅದನ್ನು ಸವತಿಯೆಂದು ಕರೆಯುತ್ತಿದ್ದುದರಲ್ಲಿ, ನೀವೇ ಹೇಳಿ, ತಪ್ಪೇನಿತ್ತು?

ಈ ಸವತಿಯ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆ. ಇದ್ದೂ ಇಲ್ಲದ, ಇಲ್ಲದೆಯೂ ಇರುವ ಆ ಯಂತ್ರಕ್ಕೆ ವರ್ಚುವಲ್ ಲಿನಕ್ಸ್ ಎಂದು ಹೆಸರು. ಶೃಂಗೇರಿಯ ಮಗ್ಗುಲಲ್ಲೇ ಬೆಳೆದವನಿಗೆ ಮಾಯೆಯ ಪಾಠವನ್ನು ಯಾರೂ ಹೇಳಬೇಕಿಲ್ಲವೆಂಬ ಜಂಬ ನನಗೆ. ಅದರಲ್ಲೊಂದು ‘ಹಾಡು’ ಎಂಬ ಫೋಲ್ಡರು. ಅದರೊಳಗೆ ಕಿಗ್ಗದ ಚಿಕ್ಕಮ್ಮ ಹಿಂದೆ ಹಾಡಿದ್ದ, ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡುಗಳು. ಗಂಟಲಿನ ಆಪರೇಶನ್ ಆದ ಮೇಲೆ ಚಿಕ್ಕಮ್ಮನಿಗೆ ಉಳಿದಿರುವುದು ಪಿಸುಮಾತು ಮಾತ್ರ. ಮೊಮ್ಮಗಳ ಮದುವೆಗೆ ಆ ಹಾಡುಗಳೇ ಬೇಕೆಂದು ಕೇಳಿಕೊಂಡು ಬಂದಿದ್ದಳು. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ.

ಹಳೆಯ ಕಂಪ್ಯೂಟರಿನ ಡಿಸ್ಕನ್ನು ಇಡಿಯಾಗಿ ಒಂದೇ ಫೈಲಿಗೆ ತುಂಬಿಟ್ಟ ‘ಡಿಸ್ಕ್ ಇಮೇಜ್’ ಒಂದು ನನ್ನಲ್ಲಿತ್ತು. ಅದರಲ್ಲಿನ ಹಳೆಯ ಫೋಟೋಗಳನ್ನೂ ತೋರಿಸಿ ಚಿಕ್ಕಮ್ಮನಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಚಪಲ ಹುಟ್ಟಿತು. ಇಮೇಜನ್ನು ತೆರೆಯಬೇಕಾದರೆ ಯಾವುದಾದರೊಂದು ಫೋಲ್ಡರಿನ ಮೇಲೆ ಏರಿಸಬೇಕು. ಬಲ್ಲವರು ಇದನ್ನು ಮೌಂಟ್ ಎನ್ನುತ್ತಾರೆ, ನಾನು ಹಸೆಮಣೆ ಏರಿಸುವುದು ಎನ್ನುತ್ತೇನೆ. ಖಾಲಿ ಮಣೆ ಹಾಕುವಷ್ಟೂ ವ್ಯವಧಾನವಿಲ್ಲದೆ, ಕೈಗೆ ಸಿಕ್ಕ ‘ಹಾಡು’ ಫೋಲ್ಡರಿನ ಮೇಲೆಯೇ ಏರಿಸಿಬಿಟ್ಟೆ. ಫೋಟೋಗಳು ಬಂದವು. ಹಾಡುಗಳು ಕಾಣೆಯಾದವು.

ಅಂತರ್ಜಾಲದ ಪಂಡಿತರಲ್ಲಿ ಮೊರೆಯಿಟ್ಟೆ. ಒಬ್ಬ, ಕೈಪಿಡಿ ಓದುವ ಅಭ್ಯಾಸವಿಲ್ಲವೇ ಎಂದು ಗದರಿದ. ಇನ್ನೊಬ್ಬ, ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡು ಎಂದ. ಚಮಚ ಕಳೆದುಹೋಯಿತೆಂದರೆ ಮನೆಗೇ ಬೆಂಕಿ ಹಚ್ಚಲು ಹೇಳುವ ಇಂಥ ಮಹನೀಯರಿಗೆ ಹೆಬ್ಬೆರಳೆತ್ತಿ ಭೇಷ್ ಎನ್ನುವವರೂ ಇದ್ದಾರೆ. ಬೇರೆ ದಾರಿ ಕಾಣದೆ ನಾನೂ ಅಳಿಸಲು ಸಿದ್ಧನಾಗಿದ್ದೆ.

“ಎಂತ ಮಾಣಿ, ಹಾಡು ಎಲ್ಲಿ ಹೋತು?” ಚಿಕ್ಕಮ್ಮ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. ತಲೆ ನರೆತರೂ ನಾನವಳಿಗೆ ಮಾಣಿಯೇ.

“ಇಲ್ಲೇ ಇತ್ತು ಚಿಕ್ಕಮ್ಮ. ಅದ್ರ ಮಣೆ ಮೇಲೆ ಬೇರೆಯವ್ರನ್ನ ಕೂರ್ಸಿದೆ…” ಎನ್ನುತ್ತಿದ್ದಂತೆ ನನ್ನ ಮಾತೇ ನನಗೆ ದಾರಿ ತೋರಿತು. ಕೂರಿಸಿದ್ದು ನಿಜ, ಮೊದಲಿದ್ದವರನ್ನು ಓಡಿಸಿಲ್ಲವಲ್ಲ! ಮೇಲಿನವರು ಇಳಿದರೆ ಅಡಿಯಲ್ಲಿರುವವರು ಕಂಡಾರು.

ಇಳಿಸಹೋದರೆ ಯಂತ್ರ ಒಪ್ಪಲಿಲ್ಲ, ಜಾಗ ಬಳಕೆಯಲ್ಲಿದೆಯಂತೆ. ಬಳಸುತ್ತಿದ್ದ ಭೂಪ ನಾನೇ. ಅದೇ ಫೋಲ್ಡರಿನೊಳಗೆ ಬೇರುಬಿಟ್ಟು ನಿಂತು, ಜಾಗ ಖಾಲಿ ಮಾಡೆಂದು ಇನ್ನೊಬ್ಬರಿಗೆ ಅಪ್ಪಣೆ ಕೊಡುತ್ತಿದ್ದೆ. ಇಂಥವರನ್ನು ನೀವು ಸಭೆಗಳಲ್ಲಿ ಬೇಕಾದಷ್ಟು ನೋಡಿರುತ್ತೀರಿ. ಫೋಲ್ಡರಿನಿಂದ ಆಚೆ ಬಂದೆ. ಇಮೇಜು ತೆಪ್ಪಗೆ ಇಳಿಯಿತು. ಹಾಡುಗಳೆಲ್ಲ ಇದ್ದಲ್ಲೇ ಇದ್ದವು.

ಒಂದನ್ನು ಹಚ್ಚಿದೆ. ಹಸೆಗೆ ಬಾರೆಂದು ಚಿಕ್ಕಮ್ಮನ ಹಳೆಯ ಸ್ವರ ತುಂಬಿ ಕರೆಯಿತು. ಚಿಕ್ಕಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡು ನಿಂತೇ ಕೇಳುತ್ತಿದ್ದಳು. ಬಂದಾಗಿನಿಂದ ಅವಳಿಗೆ ಕೂರಲು ಹೇಳಿರಲಿಲ್ಲವೆಂಬುದು ಆಗ ಹೊಳೆದು ನಾಚಿಕೆಯಾಯಿತು. ಡಬ್ಬವನ್ನು ತಂತಿಗಳ ಸಮೇತ ನೆಲಕ್ಕಿಳಿಸಿ, ಮಣೆಯ ಧೂಳನ್ನು ಪಂಚೆಯ ತುದಿಯಿಂದ ಒರೆಸಿದೆ.

“ಅಂತೂ ಸವತಿ ಇಳಿದ್ಲು ಮಾರಾಯ್ರೆ,” ಎಂದಳು ಹಾಡು ಕೇಳಿ ಒಳಗಿನಿಂದ ಬಂದ ಹೆಂಡತಿ.

ಹಾಡು ಇನ್ನೂ ಕರೆಯುತ್ತಲೇ ಇತ್ತು. ತನ್ನದೇ ಸ್ವರಕ್ಕೆ ಓಗೊಟ್ಟು ಚಿಕ್ಕಮ್ಮ ಬಂದು ಹಸೆಮಣೆಯ ಮೇಲೆ ಕುಳಿತಳು.