ಭಾನುವಾರದ ಚಿತ್ರ ಇಳಿಸಿದ್ದು

ಗೋಡೆಗೆ ತೇವ ಬಂದಿರಲಿಲ್ಲ. ಚಿತ್ರದಲ್ಲಿ ಇಬ್ಬರು ಹೆಂಗಸರಿದ್ದರು. ಬರೆದವಳು ಅವರಲ್ಲೊಬ್ಬಳು, ತಮ್ಮಿಬ್ಬರ ಸಂಬಂಧಕ್ಕೆ ಇರುವ ಹೆಸರನ್ನೇ ಇಟ್ಟಿದ್ದಳು. ಅದಕ್ಕೇ ಚಿತ್ರ ಕೆಳಗಿಳಿಯಿತು. ತೇವದ ಕಥೆ ಮ್ಯೂಸಿಯಂ ಮ್ಯಾನೇಜರ್ ಕಟ್ಟಿದ್ದು.

ಆಗ ನಾನು ವೈಟ್‌ಫೀಲ್ಡ್ ಕಡೆಯ ಒಂದು ಟೆಕ್ ಪಾರ್ಕಿನೊಳಗಿದ್ದ ಮ್ಯೂಸಿಯಮ್ಮಿನಲ್ಲಿ ನೆಲ ಒರೆಸುತ್ತಿದ್ದೆ. ಕೊಪ್ಪಳದ ಕಡೆಯಿಂದ ಮಗ, ಸೊಸೆಯ ಜೊತೆ ಬಂದು ಕಾಡುಗೋಡಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆವು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿ ಓದುತ್ತೇನೆ, ಸಹಿ ಮಾಡುತ್ತೇನೆ. ಆ ಸಹಿ ಅಲ್ಲಿ ದಿನಾ ಬೇಕಾಗುತ್ತಿತ್ತು. ಹಿಂದೊಮ್ಮೆ ಪೈಪು ಸೋರಿ ಗೋಡೆ ನೆನೆದಿತ್ತಂತೆ. ಅಂದಿನಿಂದ ಬೆಳಿಗ್ಗೆ ಎಲ್ಲ ಗೋಡೆಗೂ ಕೈಯ ಹಿಂಬದಿ ಒತ್ತಿ ನೋಡಿ, ಒಣಗಿದೆಯೋ ತೇವವೋ ಎಂದು ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. ಮುಟ್ಟಿದವರದೇ ಸಹಿ.

ಆ ವರ್ಷ ಮ್ಯೂಸಿಯಂನವರು ಹೆಂಗಸರು ಬರೆದ ಚಿತ್ರಗಳನ್ನು ಕೊಂಡು ಒಂದು ಕೋಣೆ ತುಂಬಿಸಿದರು. ಒಂದರಲ್ಲಿ ಒಬ್ಬಾಕೆ ಕಾಲು ಚಾಚಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಇನ್ನೊಬ್ಬಾಕೆ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಪಕ್ಕದ ಚೀಟಿಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಇತ್ತು: ನಾನು, ನನ್ನ ಹೆಂಡತಿ, ಭಾನುವಾರ. ಚಿತ್ರ ತೂಗುಹಾಕಿದ ದಿನ ಇಬ್ಬರೂ ಬಂದಿದ್ದರು. ಏಣಿ ಹಿಡಿದು ನಿಂತಿದ್ದ ನಾನು ಬರೆದವಳನ್ನು ಕೇಳಿಯೇಬಿಟ್ಟೆ.

“ಹೆಂಡ್ತಿ ಅಂತ ಬರದೀಯಲ್ಲ, ಖರೇನ?”

“ಹೂಂ ಅಜ್ಜಿ. ಹನ್ನೆರಡ್ ವರ್ಷ ಆಯ್ತು.”

“ಅಡಗಿ ಯಾರು ಮಾಡ್ತೀರಿ?”

“ಇವ್ಳು. ಪಾತ್ರೆ ನಾನ್ ತೊಳೀತೀನಿ.”

“ಹಂಗಾರ ಛಲೋ ನಡದೈತಿ ಬಿಡು.”

ಇನ್ನೊಬ್ಬಾಕೆ ನಗುತ್ತಾ, ತೊಳೆದ ಪಾತ್ರೆಯನ್ನು ತಾನು ಮತ್ತೆ ತೊಳೆಯುತ್ತೇನೆ ಎಂದಳು.

ಮೂರು ವಾರದ ಮೇಲೆ ಯಾರೋ ಸಾಹೇಬರು, ಮಕ್ಕಳನ್ನು ಕರೆತರುವ ಜಾಗದಲ್ಲಿ ಇದೇನು ಎಂದು ದೂರು ಕೊಟ್ಟರು. ಚೀಟಿಯಲ್ಲಿ ‘ಗೆಳತಿ’ ಎಂದು ಮಾಡೋಣ ಎಂದು ಮ್ಯಾನೇಜರ್ ಬರೆದವಳನ್ನು ಫೋನಿನಲ್ಲಿ ಬೇಡಿಕೊಂಡದ್ದನ್ನು ನಾನೇ ಕೇಳಿದೆ. ಆಕೆ ಒಪ್ಪಲಿಲ್ಲ. ಮಧ್ಯಾಹ್ನ ಚಿತ್ರ ಸ್ಟೋರ್ ರೂಮು ಸೇರಿತು. ಕೊಂಡ ಚಿತ್ರ ಹಾಳಾಗುವ ಹಾಗಿದ್ದರೆ ಮಾತ್ರ ಇಳಿಸಬಹುದು ಎಂದು ಅವರ ಕರಾರಿನಲ್ಲಿತ್ತಂತೆ. ಹಾಗಾಗಿ ರಿಜಿಸ್ಟರ್ ನನ್ನ ಹತ್ತಿರ ಬಂತು. ಬೆಳಿಗ್ಗೆ ನಾನು ಹಾಕಿದ್ದ ಗುರುತನ್ನು ಹೊಡೆದು ಮ್ಯಾನೇಜರನೇ ‘ತೇವ’ ಎಂದು ಬರೆದಿದ್ದ. ಸಹಿಗೆ ಜಾಗ ಬಿಟ್ಟಿದ್ದ.

“ಒಂದ್ ಸೈನ್ ಹಾಕ್ಬಿಡಿ ಅಜ್ಜಿ. ಯಾರ್ ಯಾರಿಗೆ ಹೆಂಡ್ತಿ ಆದ್ರೆ ನಿಮ್ಗೇನು?”

“ನನಗೇನಿಲ್ರಿ ಸರ. ನಿಮಗ್ಯಾಕ ಇಷ್ಟು ಉರಿ?”

ಅವನು ಪೆನ್ನು ಚಾಚಿಕೊಂಡೇ ಇದ್ದ. ಗೋಡೆ ಒಣಗಿದೆ, ನಾನು ಮುಟ್ಟಿದ್ದೇನೆ, ನೀವು ಮುಟ್ಟಿದ್ದೀರಾ ಎಂದು ಕೇಳಿದೆ. ಆಗಲೂ ಅವನು ಗೋಡೆ ಮುಟ್ಟಲಿಲ್ಲ. ನಾಳೆಯಿಂದ ಬರಬೇಡಿ ಎಂದು ನನ್ನ ಐಡಿ ಕಾರ್ಡು ಇಸಿದುಕೊಂಡ.

ನಾನೇನು ಹರಿಶ್ಚಂದ್ರನ ವಂಶದವಳಲ್ಲ. ಬೇಕಾದಾಗ ಸುಳ್ಳು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆದರೆ ಗಂಡನ ಜೊತೆ ಹತ್ತೊಂಬತ್ತು ವರ್ಷ ಬಾಳಿದೆ. ಅವನ ತೊಡೆಯ ಮೇಲೆ ತಲೆಯಿಡುವುದಿರಲಿ, ಅವನು ಎಚ್ಚರವಿದ್ದಾಗ ನಾನು ಮಲಗಿದವಳೇ ಅಲ್ಲ. ಅಂಥವನನ್ನು ಗಂಡ ಅನ್ನಬೇಡ, ಗೆಳೆಯ ಅನ್ನು ಎಂದು ಯಾರೂ ನನಗೆ ಹೇಳಲಿಲ್ಲ. ಇವರಿಗೆ ಮಾತ್ರ ಹೇಳಬೇಕಂತೆ, ಅದೂ ನನ್ನ ಕೈಯ ಸಹಿಯಿಂದ.

ಸಂಜೆ ಸೊಸೆ ಬೈದಳು. ಅವಳ ಫೋನಿನಿಂದಲೇ ಚಿತ್ರ ಬರೆದವಳಿಗೆ ನಡೆದದ್ದೆಲ್ಲ ಹೇಳಿದೆ. ಚಿತ್ರ ತೂಗುಹಾಕಿದ ದಿನ ಬರೆದವಳೇ ನಂಬರು ಕೊಟ್ಟಿದ್ದಳು. ಗೋಡೆಗೆ ತೇವ ಬಂದು ಚಿತ್ರ ಇಳಿಸಿದ್ದೇವೆ ಎಂಬ ಮ್ಯಾನೇಜರನ ಪತ್ರ ಅವಳಿಗೆ ಆಗಲೇ ತಲುಪಿತ್ತು. ಅದನ್ನು ನನಗೆ ಓದಿ ಹೇಳಿದಳು.

“ಇದನ್ನ ಎಲ್ರ ಮುಂದೆ ಹೇಳ್ತೀರಾ ಅಜ್ಜಿ?”

“ನಾಳೆ ಎಷ್ಟಕ್ಕ ಬರ್ಲಿ?”

ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟೆ. ಕೆಲಸದವರ ಹಿಂಬಾಗಿಲಿಗೆ ಹೋಗದೆ ಬರೆದವಳು, ಅವಳ ಹೆಂಡತಿ ಇಬ್ಬರ ಜೊತೆ ಮುಂಬಾಗಿಲಲ್ಲಿ ಸಾಲು ನಿಂತೆ. ಕೌಂಟರಿನ ಹುಡುಗಿ ನನ್ನ ಗುರುತು ಹಿಡಿದು, ಹಿಂದಿನಿಂದ ಬನ್ನಿ ಅಜ್ಜಿ ಎಂದಳು. ನೋಡಲು ಬಂದಿದ್ದೇನೆ, ಮೂರು ಟಿಕೇಟು ಕೊಡು ಎಂದೆ. ಆ ಇಬ್ಬರು ಹೆಂಗಸರ ಚಿತ್ರ ತೋರಿಸು, ತೋರಿಸಲು ಆಗದಿದ್ದರೆ ಮ್ಯಾನೇಜರನ್ನು ಕರೆ, ಯಾಕೆ ಆಗದು ಎಂದು ಈ ಸಾಲಿನವರಿಗೆಲ್ಲ ಅವನೆದುರಿಗೇ ನಾನು ಹೇಳುತ್ತೇನೆ ಎಂದೆ.